ಗಾಳಿಗೆ ಲಾಕ್‌ಡೌನ್ ಇರಲಿಲ್ಲ

ನಮ್ಮ ಕಡೆ ಆಷಾಢ ಬಂತು ಅಂತ ತಿಳಿಯೋಕೆ ಪಂಚಾಂಗ ಬೇಕಿಲ್ಲ. ಒಗೆದು ಹರವಿದ ಬಟ್ಟೆ ಪಕ್ಕದ ಮನೆಯ ಅಂಗಳದಲ್ಲಿ ಸಿಕ್ಕರೆ ಆಷಾಢ. ರಾತ್ರಿಯೆಲ್ಲ ತೆಂಗಿನ ಗರಿ ಹುಯ್ಯೋ ಅಂದರೆ ಆಷಾಢ. ಆ ಗಾಳಿ ಕೇಳಿಸಿದ ಮರುದಿನವೇ ಹುಡುಗರು ಪೊರಕೆಯಿಂದ ಕಡ್ಡಿ ಎಳೆದು, ಹಳೇ ಪೇಪರ್ ಹುಡುಕಿ, ಅಡುಗೆಮನೆಗೆ ಬಂದು ಒಂದು ಹಿಡಿ ಅನ್ನ ಕೇಳುತ್ತಾರೆ. ತಿನ್ನೋಕಲ್ಲ, ಅಂಟಿಸೋಕೆ!

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ 2007ರಲ್ಲಿ ರಾಮನಗರ ಜಿಲ್ಲೆಯಾದವು. ಈಗ ಅದಕ್ಕೆ ಬೆಂಗಳೂರು ದಕ್ಷಿಣ ಅನ್ನೋ ಹೆಸರು ಬಂದಿದೆ. ಹೆಸರು ಯಾವುದಾದರೂ ಗಾಳಿ ಅದೇ. ಮುಂಗಾರಿನ ಮೋಡ ಪಶ್ಚಿಮಘಟ್ಟದಲ್ಲೇ ಬಹುಪಾಲು ಮಳೆ ಸುರಿಸಿ, ನಮ್ಮ ಹತ್ತಿರ ಬರುವಾಗ ಬರಿಗೈಲಿ ಬರುತ್ತೆ. ನಮಗೆ ಜೋರು ಮಳೆ ಬರೋದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಜೂನ್ ಕೊನೆಯಿಂದ ಜುಲೈ ಪೂರ್ತಿ ತುಂತುರು ಹನಿ, ಅದರ ಜೊತೆ ಎಡೆಬಿಡದ ಗಾಳಿ. ಮಾವಿನ ಕಾಯಿ ಕೊಯ್ದಾಗಿರುತ್ತೆ. ಉತ್ತ ಹೊಲ ರಾಗಿ ಬಿತ್ತನೆಗೆ ಕಾಯ್ತಿರುತ್ತೆ. ಆಷಾಢ ಅಂತ ಮದುವೆ, ಗೃಹಪ್ರವೇಶ ಇಲ್ಲ. ಬಯಲು ಖಾಲಿ, ಕೈ ಖಾಲಿ. ಗಾಳಿಪಟಕ್ಕೆ ಇನ್ನೇನು ಬೇಕು?

ದೊಡ್ಡಬಳ್ಳಾಪುರದ ಆಷಾಢದ ಗಾಳಿಪಟ ಸ್ಪರ್ಧೆಯ ಬಗ್ಗೆ ನೀವು ಕೇಳಿರಬಹುದು. ಎಚ್.ಎಲ್. ನಾಗೇಗೌಡರು ಕಟ್ಟಿದ ನಮ್ಮ ಜಾನಪದ ಲೋಕದಲ್ಲೂ ಗಾಳಿಪಟ ಉತ್ಸವಗಳು ನಡೆದಿವೆ. ಇವೆಲ್ಲ ಪೇಪರಿನಲ್ಲಿ ಬರುವಂಥವು. ಪೇಪರಿಗೆ ಬಾರದ ಸಣ್ಣ ಪಂದ್ಯಗಳು ಊರೂರಲ್ಲೂ ಇರುತ್ತವೆ. ನಮ್ಮೂರಲ್ಲೂ ಒಂದಿತ್ತು. ಗೆದ್ದವರಿಗೆ ಒಂದು ಸ್ಟೀಲ್ ಬಿಂದಿಗೆ, ಎರಡನೆಯವರಿಗೆ ಒಂದು ಪಾತ್ರೆ, ಉಳಿದವರಿಗೆಲ್ಲ ಕಡ್ಲೆಪುರಿ. ಅದನ್ನು ನಡೆಸುತ್ತಿದ್ದವರು ನಮ್ಮ ದೊಡ್ಡಪ್ಪ. ಕೊರೊನಾ ಕಾಲದಲ್ಲಿ ಆ ಪಂದ್ಯ ಏನಾಯಿತು, ಅದಕ್ಕಾಗಿ ನಾನೂ ನನ್ನ ತಮ್ಮನೂ ನಾಲ್ಕು ತಾಲ್ಲೂಕು ಹೇಗೆ ಸುತ್ತಿದೆವು ಅನ್ನೋದನ್ನ ಓದುಗರ ಜೊತೆ ಹಂಚಿಕೊಳ್ಳೋಣ ಅನ್ನಿಸಿತು.

ಪಂದ್ಯವಿಲ್ಲದ ಆಷಾಢ

2020ರ ಆಷಾಢ ಶುರುವಾಗಿದ್ದು ಜೂನ್ 22ಕ್ಕೆ, ಸೂರ್ಯಗ್ರಹಣದ ಮಾರನೇ ದಿನ. ಮಾರ್ಚ್‌ನಿಂದ ಮನೆಯೊಳಗೇ ಇದ್ದು ಮಕ್ಕಳಿಗೂ ಸಾಕಾಗಿತ್ತು, ತಾಯಂದಿರಿಗೂ ಸಾಕಾಗಿತ್ತು. ಮೇ ತಿಂಗಳಲ್ಲಿ ನಮ್ಮ ಜಿಲ್ಲೆ ಹಸಿರು ವಲಯದಲ್ಲಿತ್ತು, ಪಕ್ಕದ ಬೆಂಗಳೂರು ಕೆಂಪು ವಲಯ. ನಮ್ಮೂರ ಹುಡುಗರು ಕೆಲಸ ಮಾಡೋದೆಲ್ಲ ಆ ಕೆಂಪು ವಲಯದಲ್ಲೇ. ಕೆಲಸ ಬಿಟ್ಟು ಮನೆಗೆ ಬಂದವರನ್ನ ಊರು ಮೊದಲ ಸಲ ಅನುಮಾನದಿಂದ ನೋಡಿತು. ಜೂನ್ ಹೊತ್ತಿಗೆ ಸೋಂಕು ಇಲ್ಲಿಗೂ ಬಂತು. ಕನಕಪುರದವರು ತಾವಾಗಿಯೇ ಅಂಗಡಿ ಬಾಗಿಲು ಹಾಕಿ ಸ್ವಯಂ ಲಾಕ್‌ಡೌನ್ ಮಾಡಿಕೊಂಡರು. ಜುಲೈನಲ್ಲಿ ರಾಜ್ಯಕ್ಕೆಲ್ಲ ಭಾನುವಾರದ ಲಾಕ್‌ಡೌನ್ ಬಂತು. ನಮ್ಮ ಪಂದ್ಯ ನಡೆಯುತ್ತಿದ್ದದ್ದೇ ಭಾನುವಾರ!

ದೊಡ್ಡಪ್ಪ ಹೆಚ್ಚು ಯೋಚಿಸಲಿಲ್ಲ. "ಈ ವರ್ಷ ಬ್ಯಾಡ ಬುಡಿ, ಮುಂದಿನ ವರ್ಷ ಡಬ್ಬಲ್ ಮಾಡಣ" ಅಂದರು. ಮಕ್ಕಳು ಅವರವರ ತಾರಸಿಯಲ್ಲಿ ಪಟ ಹಾರಿಸಿಕೊಂಡರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನಾನು ಆಗಸ್ಟ್‌ನಲ್ಲಿ ವಿದ್ಯಾಗಮ ಅಂತ ಮರದ ಕೆಳಗೆ ಮಕ್ಕಳನ್ನ ದೂರ ದೂರ ಕೂರಿಸಿ ಪಾಠ ಮಾಡುವಾಗ ಗಾಳಿ ಆಗಲೇ ತಗ್ಗಿತ್ತು.

ಗಾಳಿ ಆಟದ ಕಷ್ಟ ಇದೇ. ಬೇರೆ ಆಟಗಳನ್ನ ಮುಂದಕ್ಕೆ ಹಾಕಬಹುದು. ಕರಾವಳಿಯ ಕಂಬಳವನ್ನೇ ನೋಡಿ. ಮಾಮೂಲಿಯಾಗಿ ನವೆಂಬರಿನ ಹೊತ್ತಿಗೆ ಶುರುವಾಗಬೇಕಾದ ಋತು ಆ ಸಲ 2021ರ ಜನವರಿ ಕೊನೆಗೆ ಶುರುವಾಯಿತು. ಗದ್ದೆಗೆ ನೀರು ಆಮೇಲೂ ಬಿಡಬಹುದು, ಕೋಣಗಳು ಕಾಯುತ್ತವೆ. ಟೋಕಿಯೊ ಒಲಿಂಪಿಕ್ಸ್ ಒಂದು ವರ್ಷವೇ ಕಾಯಿತು. ಆಷಾಢದ ಗಾಳಿ ಯಾರ ಆದೇಶಕ್ಕೂ ಕಾಯೋದಿಲ್ಲ. ಗಾಳಿ ಇದ್ದಾಗ ಅನುಮತಿ ಇಲ್ಲ, ಅನುಮತಿ ಬಂದಾಗ ಗಾಳಿ ಇಲ್ಲ.

ಈ ಪೇಚು ನಮಗೆ ಮಾತ್ರ ಅಲ್ಲ ಅಂತ ಗೊತ್ತಾಗಿದ್ದು ಮಿನಿಯಾಪೊಲಿಸ್‌ನಲ್ಲಿರುವ ನಮ್ಮ ಅಕ್ಕನ ಮಗನಿಂದ. ಆ ಚಳಿಗಾಲ ಅವನೊಂದು ವಿಡಿಯೊ ಕಳಿಸಿದ. ಹೆಪ್ಪುಗಟ್ಟಿದ ಕೆರೆಯ ಮೇಲೆ ದೋಣಿಗಳು ಓಡ್ತಾ ಇವೆ! ದೋಣಿ ಅಂದರೆ ಉದ್ದನೆಯ ಮರದ ಹಲಗೆ, ಕೆಳಗೆ ಕತ್ತಿಯಂಥ ಮೂರು ಉಕ್ಕಿನ ಪಟ್ಟಿ, ಮೇಲೆ ಹಾಯಿ. ಎಂಜಿನ್ ಇಲ್ಲ, ಬರೀ ಗಾಳಿ. ಮಂಜುಗಡ್ಡೆಯ ಮೇಲೆ ತಡೆ ಕಡಿಮೆ ಇರೋದರಿಂದ ಬೀಸುವ ಗಾಳಿಗಿಂತ ಮೂರು ನಾಲ್ಕು ಪಟ್ಟು ವೇಗ ಸಿಗುತ್ತಂತೆ. ಅದರಲ್ಲಿ ಹೆಚ್ಚು ಬಳಕೆಯಲ್ಲಿರೋದು ಡಿಎನ್ ಅನ್ನೋ ಜಾತಿ. ಮನೆಯಲ್ಲೇ ಕಟ್ಟಿಕೊಳ್ಳಬಹುದಾದ, ಹನ್ನೆರಡು ಅಡಿ ಉದ್ದದ ದೋಣಿ ಅದು. 1937ರ ಹೊತ್ತಿಗೆ 'ಡೆಟ್ರಾಯಿಟ್ ನ್ಯೂಸ್' ಪತ್ರಿಕೆಯ ಮೂಲಕ ಹುಟ್ಟಿದ್ದಕ್ಕೆ ಆ ಹೆಸರು.

ಅಲ್ಲಿಯ ರೇಸು ಎಲ್ಲಿ ಅಂತ ವರ್ಷದ ಮೊದಲೇ ಹೇಳೋಕೆ ಆಗಲ್ಲ. ದಿನಾಂಕ ಇಟ್ಟುಕೊಂಡಿರುತ್ತಾರೆ, ಕೆರೆಯನ್ನ ಮಾತ್ರ ಕೊನೇ ಕ್ಷಣಕ್ಕೆ ಬಿಟ್ಟಿರುತ್ತಾರೆ. ಹಿಮ ಬಿದ್ದರೆ ಮಂಜುಗಡ್ಡೆ ಕೆಡುತ್ತೆ, ಬಿಸಿಲು ಬಂದರೆ ತೆಳ್ಳಗಾಗುತ್ತೆ. ಪಂದ್ಯಕ್ಕೆ ಕೆಲವೇ ದಿನ ಇರುವಾಗ ಗಡ್ಡೆಯ ದಪ್ಪ ಅಳೆದು ಇಂಥ ಕೆರೆ ಅಂತ ಸಾರುತ್ತಾರೆ. ಎಲ್ಲರೂ ದೋಣಿಯನ್ನ ಗಾಡಿಗೆ ಕಟ್ಟಿಕೊಂಡು ನೂರಾರು ಮೈಲಿ ಓಡುತ್ತಾರೆ. 2020-21ರ ಚಳಿಗಾಲದಲ್ಲಿ ಅಮೆರಿಕ-ಕೆನಡಾ ಗಡಿಯೇ ಮುಚ್ಚಿತ್ತು. ಮಂಜುಗಡ್ಡೆ ಆಚೆ ಚೆನ್ನಾಗಿದ್ದರೂ ಈಚೆಯವರು ಹೋಗೋ ಹಾಗಿಲ್ಲ. "ಚಿಕ್ಕಮ್ಮ, ಇಲ್ಲಿ ಅವರವರ ಕೆರೇಲೇ ಅವರವರು ಆಡ್ಕೊಳ್ತಿದ್ದಾರೆ" ಅಂದ ಹುಡುಗ. ಆ ಮಾತು ನನ್ನ ತಲೆಯಲ್ಲಿ ಕೂತಿತ್ತು.

ದೊಡ್ಡಮ್ಮ ಹಾಕಿದ ಷರತ್ತು

2021ರ ಬೇಸಿಗೆ ಹೇಗಿತ್ತು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಮೇ ಮೊದಲ ವಾರ ರಾಜ್ಯದಲ್ಲಿ ದಿನಕ್ಕೆ ಐವತ್ತು ಸಾವಿರ ಸೋಂಕು. ಆ ತಿಂಗಳು ದೊಡ್ಡಪ್ಪ ಹೋಗಿಬಿಟ್ಟರು. ಮಣ್ಣಿಗೆ ಹೋದವರು ನಾಲ್ಕೇ ಜನ. ಊರಿಗೆಲ್ಲ ಪಟದ ಸೂತ್ರ ಹಾಕಿಕೊಟ್ಟವರಿಗೆ ಊರು ಬಂದು ಕೈಮುಗಿಯೋಕೂ ಆಗಲಿಲ್ಲ.

ಜೂನ್ 21ರಿಂದ ಒಂದೊಂದೇ ಸಡಿಲಿಕೆ ಬಂತು. ಹದಿನೆಂಟು ದಾಟಿದವರಿಗೆ ಉಚಿತ ಲಸಿಕೆ ಶುರುವಾಯಿತು. ಸೋಂಕು ಇಳಿದಿದ್ದ ಜಿಲ್ಲೆಗಳಲ್ಲಿ ಪ್ರೇಕ್ಷಕರಿಲ್ಲದೆ ಹೊರಾಂಗಣ ಆಟ ಆಡಬಹುದು ಅಂದರು. ಆ ಪಟ್ಟಿಯಲ್ಲಿ ನಮ್ಮ ಜಿಲ್ಲೆಯೂ ಇತ್ತು. ಜುಲೈ 5ಕ್ಕೆ ವಾರಾಂತ್ಯದ ಕರ್ಫ್ಯೂ ಹೋಯಿತು. ಆಷಾಢ ಶುರುವಾಗೋದು ಜುಲೈ 11ಕ್ಕೆ. ತಮ್ಮ ಬಂದು ಪಡಸಾಲೆಯಲ್ಲಿ ಕೂತ. "ಅಕ್ಕಾ, ಈ ಸಲ ಮಾಡ್ಲೇಬೇಕು. ದೊಡ್ಡಪ್ಪನ ಹೆಸರಲ್ಲಿ" ಅಂದ.

ಮನೆಯಲ್ಲಿ ಸಾವಾಗಿ ಎರಡು ತಿಂಗಳಷ್ಟೆ. ಆಟ ಅಂದರೆ ಜನ ಏನಂದಾರು? ಅದಕ್ಕಿಂತ ಹೆಚ್ಚಾಗಿ, ಜನ ಸೇರಿಸಿ ಇನ್ನೊಬ್ಬರಿಗೆ ಹೀಗಾದರೆ? ದೊಡ್ಡಮ್ಮನನ್ನೇ ಕೇಳೋಣ ಅಂತ ಹೋದೆವು. ಅವರು ತಲೆಬಾಗಿಲ ಹತ್ತಿರ ಕೂತು ಅವರೆ ಬೇಳೆ ಆರಿಸುತ್ತಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅವ್ರಿದ್ದಿದ್ರೆ ಸುಮ್ಕೆ ಕೂತಿರೋರಾ? ಮಾಡಿ. ಆದ್ರೆ ಜನ ಸೇರಿಸ್‌ಬ್ಯಾಡಿ. ನಮ್ಮನೆಗೆ ಬಂದಿದ್ದು ಇನ್ನೊಬ್ರ ಮನೆಗೆ ಬರಬಾರ್ದು."

ಜನ ಸೇರದ ಪಂದ್ಯ! ನಮ್ಮೂರ ಬಯಲು ಚಿಕ್ಕದು, ಬಸ್ ಸ್ಟ್ಯಾಂಡಿನ ಪಕ್ಕದಲ್ಲೇ ಇದೆ. ಪಟ ಎದ್ದರೆ ಅರ್ಧ ಗಂಟೆಯಲ್ಲಿ ಇನ್ನೂರು ಜನ ನಿಲ್ಲುತ್ತಾರೆ. ಆಗ ಅಕ್ಕನ ಮಗನ ಮಾತು ನೆನಪಾಯಿತು: ಅವರವರ ಕೆರೇಲೇ ಅವರವರು. ನಮ್ಮ ಬಂಧುಬಳಗ ನಾಲ್ಕು ತಾಲ್ಲೂಕಲ್ಲೂ ಇದೆ. ತಾಲ್ಲೂಕಿಗೊಂದು ಬಯಲು, ಬಯಲಿಗೆ ಏಳೇ ಜನ, ಒಂದೇ ದಿನ, ಒಂದೇ ಹೊತ್ತು. ಬಯಲು ಹುಡುಕೋಕೆ ತಮ್ಮನ ಸ್ಕೂಟರ್ ಹಿಂದೆ ನಾನು ಹತ್ತಿದೆ.

ರಾಮನಗರ: ಬಂಡೆ ಮತ್ತು ಹದ್ದು

ಹೊರಗಿನವರಿಗೆ ರಾಮನಗರ ಅಂದರೆ 'ಶೋಲೆ'ಯ ಬಂಡೆ. ನಮಗೆ ರೇಷ್ಮೆಗೂಡಿನ ಮಾರುಕಟ್ಟೆ, ಆಷಾಢದ ಚಾಮುಂಡೇಶ್ವರಿ ಕರಗ. ಬೆಟ್ಟದ ತಪ್ಪಲಲ್ಲಿ ಬಯಲಿಗೇನೂ ಕಡಿಮೆ ಇಲ್ಲ. ಆದರೆ ಆ ಬಯಲು ಪಟಕ್ಕೆ ಆಗೋದಿಲ್ಲ. ಗಾಳಿ ನುಣ್ಣಗೆ ಹರಿದು ಬರುವ ನೀರಿನ ಹಾಗೆ. ಮಧ್ಯೆ ದೊಡ್ಡ ಬಂಡೆ ಸಿಕ್ಕರೆ ಎರಡಾಗಿ ಒಡೆದು ಹಿಂದೆ ಸುಳಿ ಸುತ್ತುತ್ತೆ. ಬಂಡೆಯ ಪೂರ್ವಕ್ಕೆ ನಿಂತು ಪಟ ಬಿಟ್ಟರೆ ಏರುತ್ತಾ ಏರುತ್ತಾ ಇದ್ದಕ್ಕಿದ್ದಂತೆ ಮೂಗು ಕೆಳಗೆ ಮಾಡಿ ಬೀಳುತ್ತೆ. "ಬೆಟ್ಟದ ಬೆನ್ನಿಗೆ ನಿಲ್ಲಬ್ಯಾಡ, ಬೆಟ್ಟದ ಎದೆಗೆ ನಿಲ್ಲು" ಅಂತ ದೊಡ್ಡಪ್ಪ ಹೇಳುತ್ತಿದ್ದದ್ದು ಇದಕ್ಕೇ. ನಮ್ಮಲ್ಲಿ ಗಾಳಿ ಪಶ್ಚಿಮದಿಂದ ಬರೋದು, ಆದ್ದರಿಂದ ಪಶ್ಚಿಮದ ಕಡೆಯ ಬಯಲೇ ಬೇಕು.

ಇನ್ನೊಂದು ಕಾರಣ ರಣಹದ್ದು. ರಾಮದೇವರ ಬೆಟ್ಟವನ್ನ 2012ರಲ್ಲಿ ರಣಹದ್ದುಗಳ ಧಾಮ ಅಂತ ಸರ್ಕಾರ ಘೋಷಿಸಿದೆ. ಉದ್ದ ಕೊಕ್ಕಿನ ರಣಹದ್ದು ಆ ಬಂಡೆಯ ಸಂದಿಗಳಲ್ಲಿ ಗೂಡು ಮಾಡುತ್ತೆ. ಉಳಿದಿರೋದೇ ಬೆರಳೆಣಿಕೆಯಷ್ಟು. ದಾರ ರೆಕ್ಕೆಗೆ ಸಿಕ್ಕರೆ ಆ ಹಕ್ಕಿ ಮುಗಿಯಿತು. ಗಾಜಿನ ಪುಡಿ ಮೆತ್ತಿದ ನೈಲಾನ್ ಮಾಂಜಾವನ್ನ 2017ರಲ್ಲೇ ಹಸಿರು ನ್ಯಾಯಮಂಡಳಿ ದೇಶಕ್ಕೆಲ್ಲ ನಿಷೇಧಿಸಿದೆ. ಸಾದಾ ಹತ್ತಿ ದಾರವಾದರೂ ಬೆಟ್ಟದ ಹತ್ತಿರ ಬೇಡವೇ ಬೇಡ ಅಂತ ತೀರ್ಮಾನ ಮಾಡಿದೆವು.

ಹೆದ್ದಾರಿ ಪಕ್ಕ ನೋಡೋಣ ಅಂದರೆ ಆಗ ಬೆಂಗಳೂರು-ಮೈಸೂರು ಹೊಸ ರಸ್ತೆಯ ಕೆಲಸ. ಎಲ್ಲಿ ನೋಡಿದರೂ ಧೂಳು, ಲಾರಿ. ಅದರ ಜೊತೆಗೆ ರೈಲಿನ ಕರೆಂಟ್ ತಂತಿ. ಕೊನೆಗೆ ಬೆಟ್ಟಗಳಿಂದ ದೂರ, ಪಶ್ಚಿಮದ ಕಡೆ ಬಿತ್ತನೆಗೆ ಕಾದಿದ್ದ ಒಂದು ರಾಗಿ ಹೊಲ ಸಿಕ್ಕಿತು. ಹೊಲದವರು ಒಂದೇ ಮಾತು ಹೇಳಿದರು: "ಮಳೆ ಬಿದ್ರೆ ನಾನು ಬಿತ್ತುಬುಡ್ತೀನಿ, ಆಮೇಲೆ ಕೇಳ್‌ಬ್ಯಾಡಿ." ನ್ಯಾಯವಾದ ಮಾತು.

ಚನ್ನಪಟ್ಟಣ: ಬೊಂಬೆ ಮಾಡುವ ಕೈಯ ರಾಟೆ

ಚನ್ನಪಟ್ಟಣದಲ್ಲಿ ಬಯಲು ಹುಡುಕೋಕೆ ಕಷ್ಟ ಆಗಲಿಲ್ಲ. ಕಣ್ವ ಜಲಾಶಯದ ಪೂರ್ವದ ಕಡೆ, ನೀರಿನಿಂದ ಸಾಕಷ್ಟು ದೂರದಲ್ಲಿ ಒಂದು ಗೋಮಾಳ. ನೀರಿನ ಮೇಲೆ ಹಾದು ಬರುವ ಗಾಳಿಗೆ ಮರ, ಮನೆ ಏನೂ ಅಡ್ಡ ಸಿಕ್ಕಿರೋದಿಲ್ಲ, ಹಾಗಾಗಿ ಸಮನಾಗಿ ಬೀಸುತ್ತೆ. ಪಟ ಹಿಡಿದ ಕೈಗೇ ಅದು ಗೊತ್ತಾಗುತ್ತೆ, ದಾರ ನಡುಗೋದಿಲ್ಲ, ಗುಂಯ್ ಅನ್ನುತ್ತೆ.

ಅಲ್ಲಿ ನಮಗೆ ಬೇಕಿದ್ದದ್ದು ದಾರ ಸುತ್ತುವ ರಾಟೆ. ಪಟ್ಟಣದೊಳಗೆ ಒಂದು ಸಣ್ಣ ಗಲ್ಲಿಯಲ್ಲಿ ಬೊಂಬೆ ಮಾಡುವ ಚಾಚಾ ಒಬ್ಬರನ್ನು ಹುಡುಕಿಕೊಂಡು ಹೋದೆವು. ಬೊಂಬೆ ಅಂಗಡಿಗಳು ಬದುಕೋದೇ ಹೆದ್ದಾರಿಯಲ್ಲಿ ಹೋಗುವ ಪ್ರವಾಸಿಗರಿಂದ. ಎರಡು ಬೇಸಿಗೆ ಪ್ರವಾಸಿಗರೇ ಇಲ್ಲ. 2020ರ ಆಗಸ್ಟ್ ಕೊನೆಯಲ್ಲಿ ಪ್ರಧಾನಿಯವರು ಮನ್ ಕಿ ಬಾತ್‌ನಲ್ಲಿ ಚನ್ನಪಟ್ಟಣದ ಹೆಸರು ಹೇಳಿದ್ದನ್ನ ಚಾಚಾ ಸಂತೋಷದಿಂದ ನೆನೆಸಿಕೊಂಡರು. "ಹೆಸ್ರು ಬಂತು ಮೇಡಂ, ಗಿರಾಕಿ ಬರೋಕೆ ಬಸ್ ಬೇಕಲ್ಲ?" ಅಂತ ನಕ್ಕರು.

ನಾಲ್ಕು ಬಯಲಿಗೆ ಒಟ್ಟು ಇಪ್ಪತ್ತೆಂಟು ರಾಟೆ ಬೇಕು ಅಂದಾಗ ಅವರ ಮುಖ ನೋಡಬೇಕಿತ್ತು. ತಿಂಗಳುಗಟ್ಟಲೆ ನಿಂತಿದ್ದ ಯಂತ್ರ ತಿರುಗಿತು. ಆಲೆ ಮರದ ತುಂಡು ಗರಗರ ಸುತ್ತುವಾಗ ಅರಗಿನ ಬಣ್ಣದ ಕಡ್ಡಿಯನ್ನ ಒತ್ತಿ ಹಿಡಿದರೆ, ಆ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತೆ. ಆಮೇಲೆ ಗರಿಯಿಂದ ಉಜ್ಜಿದರೆ ಹೊಳಪು. ತಾಲ್ಲೂಕಿಗೊಂದು ಬಣ್ಣ: ರಾಮನಗರಕ್ಕೆ ಹಳದಿ, ಚನ್ನಪಟ್ಟಣಕ್ಕೆ ಕೆಂಪು, ಕನಕಪುರಕ್ಕೆ ಹಸಿರು, ಮಾಗಡಿಗೆ ನೀಲಿ. ಬಹುಮಾನದ ದುಡ್ಡಿಗಿಂತ ರಾಟೆಗೇ ಹೆಚ್ಚು ಖರ್ಚಾಯಿತು. ನಮಗೆ ಅದರಲ್ಲಿ ಬೇಜಾರಾಗಲಿಲ್ಲ.

ಕನಕಪುರ: ಕಣಿವೆಯ ಗಾಳಿ

ಕನಕಪುರದ ಕಡೆ ಹೋದವರು ಸಂಗಮ ನೋಡದೆ ಬರೋದುಂಟೆ? ಅರ್ಕಾವತಿ ಹೋಗಿ ಕಾವೇರಿಗೆ ಸೇರುವ ಜಾಗ. ಅಲ್ಲಿಂದ ಮುಂದೆ ಮೇಕೆದಾಟು. ತಮ್ಮನಿಗೆ ಅಲ್ಲೇ ನದಿ ದಂಡೆಯಲ್ಲಿ ಪಂದ್ಯ ಮಾಡಬೇಕು ಅಂತ ಆಸೆ. ನೋಡೋಕೇನೋ ಚೆಂದ. ಆದರೆ ಎರಡೂ ಕಡೆ ಗುಡ್ಡ ಇರುವ ಕಣಿವೆಯಲ್ಲಿ ಗಾಳಿ ಒಂದೊಂದು ಗಳಿಗೆಗೆ ಒಂದೊಂದು ದಿಕ್ಕು. ಸುತ್ತ ಕಾವೇರಿ ವನ್ಯಧಾಮದ ಕಾಡು. ದಾರ ಹರಿದರೆ ಹುಡುಗರು ಪಟದ ಹಿಂದೆ ನೀರಿಗೋ ಕಾಡಿಗೋ ಓಡುತ್ತಾರೆ. ಅದು ಆಗದ ಮಾತು. ನದಿಗೆ ಕೈಮುಗಿದು, ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ತಿಂದು ವಾಪಸ್ ಹೊರಟೆವು.

ಸಾತನೂರಿನ ಕಡೆಯಿಂದ ಬರುವಾಗ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಅತ್ತೆ ಮನೆಯವರ ಜಮೀನು. ಸುತ್ತ ಹಿಪ್ಪುನೇರಳೆ, ಮಧ್ಯೆ ಎರಡು ಎಕರೆ ಬೀಳು. ಹಿಪ್ಪುನೇರಳೆ ಎತ್ತರ ಬೆಳೆಯೋದಿಲ್ಲ, ಗಾಳಿಗೆ ಅಡ್ಡ ಬರೋದಿಲ್ಲ. ಅತ್ತೆ ಕಾಫಿ ಕೊಡುತ್ತಾ, "ಹೋದ ವರ್ಷ ಇದೇ ಹೊತ್ತಲ್ಲಿ ಕನಕಪುರ ಪೂರಾ ಬಂದಾಗಿತ್ತು, ಗೂಡಿನ ರೇಟು ಕೇಳೋರಿರಲಿಲ್ಲ. ಈ ವರ್ಷ ಮಕ್ಕಳು ಒಸಿ ಆಡ್ಕೊಳ್ಳಿ ಬುಡು" ಅಂದರು. ಬಯಲು ಸಿಕ್ಕಿತು.

ಮಾಗಡಿ: ಕೋಟೆ ಬಿಟ್ಟು ಕೆರೆಗೆ

ಕೆಂಪೇಗೌಡರ ಊರು ಅಂದ ಮೇಲೆ ಕೋಟೆ ಬಯಲೇ ಸರಿ ಅಂತ ಮಾಗಡಿಯ ಹುಡುಗರ ಹಟ. ಕೋಟೆ ಊರ ನಡುವೆ ಇದೆ, ಅಲ್ಲಿ ಪಟ ಎದ್ದರೆ ಪೇಟೆಗೆ ಪೇಟೆಯೇ ಬರುತ್ತೆ. ದೊಡ್ಡಮ್ಮನ ಷರತ್ತು ಮುರಿದ ಹಾಗೆ. ಸಾವನದುರ್ಗದ ಕಡೆ ಹೋದೆವು. 1226 ಮೀಟರ್ ಎತ್ತರದ ಏಕಶಿಲೆ. ಅದರ ಎದುರು ನಿಂತರೆ ಮಾತೇ ಬರೋದಿಲ್ಲ, ಅದರ ಹಿಂದೆ ನಿಂತರೆ ಗಾಳಿಯೇ ಬರೋದಿಲ್ಲ! ಮಂಚನಬೆಲೆ ಹಿನ್ನೀರಿನ ದಂಡೆ ಚೆನ್ನಾಗಿದೆ, ಆದರೆ ನೀರಿಗಿಳಿದು ಜೀವ ಕಳೆದುಕೊಂಡವರು ಅಲ್ಲಿ ಬಹಳ. ಮಕ್ಕಳನ್ನ ಕರೆದುಕೊಂಡು ಹೋಗುವ ಜಾಗ ಅಲ್ಲ.

ಕೊನೆಗೆ ಅವರೇ ತೋರಿಸಿದ್ದು ಒಣಗಿದ ಒಂದು ಸಣ್ಣ ಕೆರೆಯ ಅಂಗಳ. ಏರಿಯ ಮೇಲೆ ಮರ ಇದ್ದರೂ ಅಂಗಳ ವಿಶಾಲ. ಮಾಗಡಿ ತಂಡದ ಏಳು ಜನರಲ್ಲಿ ಐದು ಜನ ಬೆಂಗಳೂರಿನ ಗಾರ್ಮೆಂಟ್ಸ್, ಹೋಟೆಲು, ಕ್ಯಾಬು ಬಿಟ್ಟು ಬಂದವರು. ಒಬ್ಬ ಹೇಳಿದ: "ಮೇಡಂ, ಹತ್ತು ವರ್ಷ ಆಗಿತ್ತು ಆಷಾಢದಲ್ಲಿ ಊರಲ್ಲಿದ್ದು."

ಕೋನಮಾಪಕದ ತೀರ್ಪು

ಈಗ ತೀರ್ಪಿನ ಸಮಸ್ಯೆ. ಬಯಲು ನಾಲ್ಕಾದರೆ ಯಾರ ಪಟ ಎತ್ತರ ಅಂತ ಹೇಗೆ ಹೇಳೋದು? ಇಲ್ಲಿ ನನ್ನ ಗಣಿತ ಉಪಯೋಗಕ್ಕೆ ಬಂತು. ಎಲ್ಲರಿಗೂ ನೂರೇ ಮೀಟರ್ ದಾರ. ಹೈಸ್ಕೂಲಿನ ಜಾಮಿಟ್ರಿ ಬಾಕ್ಸಿನ ಕೋನಮಾಪಕಕ್ಕೆ ಒಂದು ದಾರ ಕಟ್ಟಿ ತುದಿಗೆ ನಟ್ಟು ತೂಗಿಬಿಟ್ಟರೆ ಪಟ ನೆಲದಿಂದ ಎಷ್ಟು ಡಿಗ್ರಿಯಲ್ಲಿದೆ ಅಂತ ಅಳೆಯಬಹುದು. ದಾರ ಬಿಗಿಯಾಗಿದ್ದರೆ 45 ಡಿಗ್ರಿಗೆ ಸುಮಾರು 70 ಮೀಟರ್ ಎತ್ತರ, 60 ಡಿಗ್ರಿಗೆ ಸುಮಾರು 86 ಮೀಟರ್. ಕೋನ ಹೆಚ್ಚಿದ್ದಷ್ಟೂ ಪಟ ಮೇಲೆ. ಅಳತೆಯ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಕು. ಎತ್ತರಕ್ಕೊಂದು ಬಹುಮಾನ, ಒಂದು ಗಂಟೆ ಕೆಳಗಿಳಿಯದೆ ನಿಂತ ಪಟಗಳು ಹೆಚ್ಚಿರುವ ಬಯಲಿಗೊಂದು ಬಹುಮಾನ.

ಉಳಿದ ನಿಯಮ ಸರಳ. ಒಬ್ಬರಿಗೊಬ್ಬರು ಮೂವತ್ತು ಹೆಜ್ಜೆ ದೂರ. ದಾರ ಸಿಕ್ಕಿಕೊಳ್ಳದಿರೋಕೂ ಅಷ್ಟೇ ದೂರ ಬೇಕು! ಮಾಂಜಾ ಇಲ್ಲ. ಮೈಕಿಲ್ಲ, ಪ್ರಚಾರ ಇಲ್ಲ, ಬಯಲಿನ ಹೆಸರು ಯಾರಿಗೂ ಹೇಳೋ ಹಾಗಿಲ್ಲ. ಮನೆಯಲ್ಲಿ ಯಾರಿಗೆ ಜ್ವರ ಇದ್ದರೂ ಬರೋ ಹಾಗಿಲ್ಲ. ಆ ಊರುಗಳ ಪಂಚಾಯಿತಿಯವರಿಗೆ ತಿಳಿಸಿದ್ದೆವು. ದಿನ ಜುಲೈ 25 ಅಂತ ಇಟ್ಟುಕೊಂಡರೂ, ಹೂಂ ಅಥವಾ ಊಹೂಂ ಅನ್ನೋದನ್ನ ಹಿಂದಿನ ರಾತ್ರಿ ಎಂಟಕ್ಕೆ ಹೇಳೋದು ಅಂತ ಮಾತಾಗಿತ್ತು. ಮಂಜುಗಡ್ಡೆಯವರಿಂದ ಕಲಿತ ಪಾಠ ಅದು.

ಸೂತ್ರ ಹಾಕೋದು ಯಾರು ಅಂತ ಬಂದಾಗ ಮಾತ್ರ ಎಲ್ಲರೂ ಸುಮ್ಮನಾದೆವು. ಆಮೇಲೆ ದೊಡ್ಡಪ್ಪನ ಮಗ, ನಮ್ಮಣ್ಣ, ಒಂದು ವಿಡಿಯೊ ಮಾಡಿ ನಾಲ್ಕೂ ತಂಡಕ್ಕೆ ಕಳಿಸಿದ. ಗಾಳಿ ಜೋರಾದರೆ ಸೂತ್ರದ ಗಂಟನ್ನ ಒಂದು ಬೆರಳು ಮೇಲಕ್ಕೆ ಸರಿಸಿ ಬಾಲಂಗೋಚಿ ಉದ್ದ ಮಾಡಬೇಕು, ಗಾಳಿ ಸಣ್ಣಗಾದರೆ ಗಂಟು ಕೆಳಕ್ಕೆ, ಬಾಲ ಮೊಟಕು. ದೊಡ್ಡಪ್ಪ ಹೇಳುತ್ತಿದ್ದ ಮಾತುಗಳನ್ನೇ ಅಣ್ಣ ಹೇಳಿದ. ಹೇಳುವ ರೀತಿಯೂ ಅದೇ. ಆ ವಿಡಿಯೊವನ್ನ ನಾನು ಎರಡನೇ ಸಲ ನೋಡಲಿಲ್ಲ.

ಆ ಭಾನುವಾರ

ಹಿಂದಿನ ದಿನ ಮೀರಾಬಾಯಿ ಚಾನು ಟೋಕಿಯೊದಲ್ಲಿ ಬೆಳ್ಳಿ ಗೆದ್ದಿದ್ದಳು. ಆ ದೊಡ್ಡ ಕ್ರೀಡಾಂಗಣಗಳಲ್ಲಿ ಕುರ್ಚಿಗಳೆಲ್ಲ ಖಾಲಿ. "ನೋಡು, ಒಲಿಂಪಿಕ್ಸೇ ಜನ ಇಲ್ದೆ ನಡೀತದೆ" ಅಂದ ತಮ್ಮ. ರಾತ್ರಿ ಎಂಟಕ್ಕೆ ನಾಲ್ಕೂ ಕಡೆಯಿಂದ "ಗಾಳಿ ಐತೆ" ಅಂತ ಫೋನು. ಹೂಂ ಅಂದೆವು.

ಬೆಳಿಗ್ಗೆ ಹತ್ತೂವರೆಗೆ ಪಟ ಏರಿದವು. ಕನಕಪುರದಲ್ಲಿ ಹನ್ನೊಂದಕ್ಕೆ ಸರಿಯಾಗಿ ತುಂತುರು ಬಂದು ಪೇಪರ್ ಪಟಗಳು ಒದ್ದೆಯಾಗಿ ಕೂತವು. ರಾಮನಗರದಲ್ಲಿ ಮೂರು ಪಟ ಮಾವಿನ ಮರದ ಪಾಲು. ಮಾಗಡಿಯ ಕ್ಯಾಬ್ ಹುಡುಗನದು 62 ಡಿಗ್ರಿ, ಅದೇ ಎಲ್ಲಕ್ಕಿಂತ ಎತ್ತರ. ಚನ್ನಪಟ್ಟಣದಲ್ಲಿ ಕಣ್ವದ ಗಾಳಿ ಕೈಕೊಡಲಿಲ್ಲ, ಏಳಕ್ಕೆ ಏಳೂ ಪಟ ಒಂದು ಗಂಟೆ ಅಲ್ಲಾಡದೆ ನಿಂತವು. ಬಿಂದಿಗೆ ಮಾಗಡಿಗೆ, ಪಾತ್ರೆಗಳು ಚನ್ನಪಟ್ಟಣಕ್ಕೆ. ಮಾರನೇ ವಾರ ತಮ್ಮ ಸ್ಕೂಟರಿನಲ್ಲಿ ಹೋಗಿ ಬಾಗಿಲಿಗೆ ಕೊಟ್ಟು ಬಂದ.

ನಾನು ರಾಮನಗರದ ಹೊಲದಲ್ಲಿದ್ದೆ. ಮೈಕಿನ ಕಿರುಚಾಟ ಇಲ್ಲ, ಬಜ್ಜಿ ಗಾಡಿ ಇಲ್ಲ, ಶಿಳ್ಳೆ ಇಲ್ಲ. ದಾರದ ಸದ್ದೇ ಕೇಳುವಷ್ಟು ಮೌನ. ಇದೂ ಒಂದು ಪಂದ್ಯವೇ ಅಂತ ಒಂದು ಕ್ಷಣ ಅನ್ನಿಸಿತು. ಆಮೇಲೆ ಸುತ್ತ ನೋಡಿದೆ. ದೂರದ ತಾರಸಿಗಳ ಮೇಲೆ, ನೀರಿನ ಟ್ಯಾಂಕಿನ ಪಕ್ಕ, ಅವರವರ ಮನೆಯ ಮೇಲೆ ಅವರವರು ನಿಂತು ಮೇಲೆ ನೋಡುತ್ತಿದ್ದರು. ಪ್ರೇಕ್ಷಕರು ಬೇಡ ಅಂದಿದ್ದೆವು, ಆದರೆ ಪಟ ಎರಡು ಮೈಲಿಗೆ ಕಾಣುತ್ತೆ. ನೋಡೋಕೆ ಯಾರೂ ಬಯಲಿಗೆ ಬರಬೇಕಾಗಿಲ್ಲ. ಸಂಜೆ ದೊಡ್ಡಮ್ಮ ಫೋನಿನಲ್ಲಿ ಕೇಳಿದ್ದು ಒಂದೇ: "ಆ ಹಳದಿ ಬಾಲದ್ದು ಯಾರ್ದು? ಮೂರು ಸಲ ಬಿದ್ದು ಮೂರು ಸಲವೂ ಎದ್ದಿತು." ಅವರೂ ತಾರಸಿ ಹತ್ತಿದ್ದರು. ಮೇ ತಿಂಗಳಾದ ಮೇಲೆ ಅವರು ಹೊರಗೆ ಬಂದಿದ್ದು ಅದೇ ಮೊದಲು.

ಮುಂದಿನ ಹದಿನೈದು ದಿನ ನಾವು ಉಸಿರು ಬಿಗಿಹಿಡಿದಿದ್ದೆವು. ನಾಲ್ಕೂ ಬಯಲಿನವರು ದಿನಾ "ಹುಷಾರಾಗಿದ್ದೀವಿ" ಅಂತ ಮೆಸೇಜು ಹಾಕಬೇಕಿತ್ತು. ಯಾರಿಗೂ ಏನೂ ಆಗಲಿಲ್ಲ. ನನ್ನ ಮಟ್ಟಿಗೆ ನಿಜವಾದ ಫಲಿತಾಂಶ ಅದೇ.

ಗಾಳಿ ಬಂದಾಗ ತೂರಿಕೋ ಅಂತ ಗಾದೆ ಇದೆ. ಸಮಯಸಾಧಕರಿಗೆ ಹೇಳುವ ಮಾತು ಅಂತ ಅಂದುಕೊಂಡಿದ್ದೆ. ಕಣದಲ್ಲಿ ತೂರುವವರನ್ನ ನೋಡಿದರೆ ಬೇರೆಯೇ ಅರ್ಥ ಹೊಳೆಯುತ್ತೆ. ಮೊರ ಎತ್ತುವ ಮೊದಲು ಅವರು ಹೊಟ್ಟು ಹೋಗುವ ಕಡೆ ಯಾರು ನಿಂತಿದ್ದಾರೆ ಅಂತ ನೋಡುತ್ತಾರೆ. ಯಾರಾದರೂ ಇದ್ದರೆ "ಒಸಿ ಆಚೆ ನಿಂತ್ಕಳಿ" ಅಂತಾರೆ. ಆಮೇಲೇ ತೂರೋದು.

ನೀವೂ ಬರುವುದಾದರೆ

ಆಷಾಢದ ಗಾಳಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಚೆನ್ನಾಗಿರುತ್ತೆ. ಬೆಂಗಳೂರಿನಿಂದ ರಾಮನಗರ ಸುಮಾರು 50 ಕಿ.ಮೀ., ಅಲ್ಲಿಂದ ಹತ್ತು ಹನ್ನೆರಡು ಕಿ.ಮೀ. ಚನ್ನಪಟ್ಟಣ, ರೈಲಿನಲ್ಲೂ ಬರಬಹುದು. ದಾರಿಯಲ್ಲಿ ಜಾನಪದ ಲೋಕ ಸಿಗುತ್ತೆ, ಮಕ್ಕಳಿಗೆ ಅರ್ಧ ದಿನ ಸಾಲದು. ಕನಕಪುರ, ಮಾಗಡಿಗೆ ಬೆಂಗಳೂರಿನಿಂದ ನೇರ ಬಸ್ಸಿದೆ. ಪಟ ಹಾರಿಸೋಕೆ ಬಂದರೆ ಹತ್ತಿ ದಾರ ತನ್ನಿ, ಮಾಂಜಾ ಬೇಡ. ರಾಮದೇವರ ಬೆಟ್ಟದ ಸುತ್ತ, ಕರೆಂಟ್ ತಂತಿ, ರೈಲು ಹಳಿಯ ಹತ್ತಿರ ಹಾರಿಸಬೇಡಿ. ಬಿತ್ತಿದ ಹೊಲಕ್ಕೆ ಕಾಲಿಡಬೇಡಿ, ಬಿತ್ತದ ಹೊಲಕ್ಕೂ ಒಂದು ಮಾತು ಕೇಳಿಯೇ ಇಳಿಯಿರಿ. ಚನ್ನಪಟ್ಟಣದಲ್ಲಿ ಬೊಂಬೆ ಕೊಳ್ಳುವಾಗ ದಾರದ ರಾಟೆ ಮಾಡಿಕೊಡ್ತೀರಾ ಅಂತ ಕೇಳಿ ನೋಡಿ. ಒಂದು ಗಂಟೆ ಕಾಯೋಕೆ ಸಿದ್ಧರಿದ್ದರೆ ನಿಮ್ಮ ಕಣ್ಣೆದುರೇ ಮಾಡಿಕೊಟ್ಟಾರು.